ಮೆಟ್ರೊ ಹತ್ತಿದ ಟವೆಲ್

ಇದು ಖರೇ ನಡೆದ ಕತೆ. ನಂಬದವರು ಮಸ್ಕಿಗೆ ಬಂದು ವಿಚಾರಿಸಬಹುದು. ಆದರೆ ಬಜಾರಿನಲ್ಲಿ ನಿಂತು ‘ಬೀಜ ಗೊಬ್ಬರದ ಅಂಗಡಿ ಹಂಪಣ್ಣ ಯಾರು’ ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ‘ಮೆಟ್ರೊ ಹಂಪಣ್ಣ’ ಎನ್ನಬೇಕು. ಆಗ ಮಿರ್ಚಿ ಕರಿಯುವವನು ಜಾರಿ ಸೌಟನ್ನು ಎಣ್ಣೆಯಲ್ಲೇ ಬಿಟ್ಟು ಎದ್ದು ಬರುತ್ತಾನೆ. ನಿಮ್ಮನ್ನು ಅಂಗಡಿಯ ಬಾಗಿಲತನಕ ತಲುಪಿಸಿ, ಕತೆಯನ್ನು ಇನ್ನೊಮ್ಮೆ ಕೇಳಲು ತಾನೂ ಅಲ್ಲೇ ಕೂಡುತ್ತಾನೆ.

ರೈಲು ಸಿಂಧನೂರಿಗೇ ಮೊನ್ನೆ ಮೊನ್ನೆ ಬಂದಿದೆ. ಮಸ್ಕಿಗೆ ಅದರ ಸೀಟಿಯೂ ಕೇಳಿಸುವುದಿಲ್ಲ. ಇಂಥ ಊರಿನಲ್ಲಿ ಕಂಬದ ಮೇಲೆ ಓಡುವ ರೈಲಿನ ಬಿರುದು ಹೊತ್ತವನು ಹಂಪಣ್ಣ ಒಬ್ಬನೇ. ಎರಡು ವರ್ಷದ ಹಿಂದೆ ಒಂದು ಬೀಜದ ಕಂಪನಿ ತನ್ನ ಡೀಲರುಗಳನ್ನು ಬೆಂಗಳೂರಿಗೆ ಕರೆಸಿ, ಊಟ ಹಾಕಿ, ಹಾರ ಹಾಕಿ ಕಳಿಸಿತ್ತು. ಊಟ ಅಂದೇ ಕರಗಿತು, ಹಾರ ಮರುದಿನ ಬಾಡಿತು. ಮೆಟ್ರೊ ಮಾತ್ರ ಇಂದಿಗೂ ಕರಿಬಸಯ್ಯನ ಚಹಾದ ಹೋಟೆಲ್ಲಿನಿಂದ ಸಂಜೆಗೊಮ್ಮೆ ಹೊರಡುತ್ತದೆ. ಗುಡ್ಡದ ಕಲ್ಲಿನ ಮೇಲೆ ಅಶೋಕ ಬರೆಸಿದ್ದನ್ನು ಓದಲು ಹೋದ ಮಸ್ಕಿಯವರನ್ನು ಹುಡುಕಿ ತರಬೇಕು. ಹಂಪಣ್ಣ ಬಾಯಲ್ಲಿ ಹೇಳಿದ್ದನ್ನು ಕೇಳದೆ ತಪ್ಪಿಸಿಕೊಂಡವರನ್ನೂ ಹಾಗೆಯೇ ಹುಡುಕಿ ತರಬೇಕು.

“ಸ್ಟೇಷನ್ನು ಎಷ್ಟ ಎತ್ತರ ಐತ್ರೀ ಸಾವ್ಕಾರ?” ಎಂದು ಕರಿಬಸಯ್ಯ ಕೇಳುತ್ತಿದ್ದ. ಕೇಳದಿದ್ದರೆ ಎರಡನೇ ಚಹಾ ಯಾರೂ ಹೇಳುತ್ತಿರಲಿಲ್ಲ.

“ಎತ್ತರಾ? ಮ್ಯಾಲ ನಿಂತು ಕೆಳಗ ನೋಡಿದ್ರ ಲಾರಿ ಅನ್ನೂದು ಕಡ್ಡಿಪೆಟ್ಟಿಗಿ ಕಂಡಂಗ ಕಾಣ್ತತಿ.”

ಮೊದಲ ತಿಂಗಳು ಆ ಲಾರಿ ಎತ್ತಿನ ಬಂಡಿಯಷ್ಟು ಕಾಣುತ್ತಿತ್ತು. ಹೇಳುತ್ತಾ ಹೇಳುತ್ತಾ ಸ್ಟೇಷನ್ ಬೆಳೆಯಿತು, ಲಾರಿ ಸಣ್ಣದಾಯಿತು. ಇನ್ನೊಂದು ವರ್ಷ ಬಿಟ್ಟಿದ್ದರೆ ಹಂಪಣ್ಣನ ಕಣ್ಣಿಗೆ ಬೆಂಗಳೂರೇ ಕಾಣುತ್ತಿರಲಿಲ್ಲವೇನೋ.

“ಒಳಗ ಹೆಂಗಿತ್ರೀ?”

“ತಂಪಂದ್ರ ತಂಪು! ಹಲ್ಲಿಗೆ ಹಲ್ಲು ಬಡೀತಿದ್ವು. ಅಲ್ಲೊಬ್ಬ ಮುದುಕ ಗಡಗಡ ನಡುಗಾಕತ್ತಿದ್ದ, ಪಾಪ. ನನ್ನ ಜರಿ ಟಾವೆಲ್ ತಗದು ಅವನಿಗೆ ಹೊಚ್ಚಿ ಬಂದ್ನಿ. ಹೋದ್ರ ಹೋತು, ಒಂದು ಜೀವ ಉಳೀತಲ್ಲ.”

ಈ ಕೊನೆಯ ಮಾತಿಗೆ ಇಡೀ ಹೋಟೆಲ್ ‘ಶರಣು ಶರಣು’ ಎನ್ನುತ್ತಿತ್ತು. ಹಂಪಣ್ಣ ಕಣ್ಣು ಮುಚ್ಚಿ ಚಹಾ ಹೀರುತ್ತಿದ್ದ.

ಟವೆಲ್ಲು ಸಾಮಾನ್ಯದ್ದಲ್ಲ. ಹೆಂಡತಿ ಕಲ್ಯಾಣಮ್ಮನ ತವರು ಮುಕ್ಕುಂದದವರು ಅಳಿಯನಿಗೆ ಹೊದಿಸಿದ್ದ, ಅಂಗೈಯಗಲದ ಜರಿಯಂಚಿನ ಟವೆಲ್. ಅದನ್ನು ಕಳೆದು ಬಂದಿದ್ದರೆ ಕಲ್ಯಾಣಮ್ಮ ಬಾಗಿಲಲ್ಲೇ ನಿಲ್ಲಿಸಿ ಲೆಕ್ಕ ಕೇಳುತ್ತಿದ್ದಳು. ನಡುಗುವ ಮುದುಕನಿಗೆ ಹೊದಿಸಿ ಬಂದರೆಂದು ಕೇಳಿ ಕಣ್ಣು ಒದ್ದೆ ಮಾಡಿಕೊಂಡಳು. ಅಂದಿನಿಂದ ಪ್ರತಿ ಸೋಮವಾರ ಗುಡ್ಡದ ಮೇಲಿನ ಮಲ್ಲಯ್ಯನ ಗುಡಿಗೆ ಹೋಗಿ, ಆ ಹೆಸರು ಗೊತ್ತಿಲ್ಲದ ಮುದುಕನ ಆಯುಷ್ಯಕ್ಕೆಂದು ಒಂದು ತೆಂಗಿನಕಾಯಿ ಒಡೆಸುತ್ತಿದ್ದಳು. “ಹ್ವಾದ ಜನ್ಮದಾಗ ಅವ ನಿಮಗೇನಾಗಿದ್ದನೋ ಏನೋ ರೀ. ಮುಂದಿನ ಸಲ ನನ್ನೂ ಕರಕೊಂಡು ಹೋಗ್ರಿ, ಒಮ್ಮೆ ಅವನ ಮುಖಾ ನೋಡ್ತೀನಿ,” ಎನ್ನುತ್ತಿದ್ದಳು. ಆ ಕಾಯಿಯ ಪ್ರಸಾದವನ್ನು ಮಾತ್ರ ಹಂಪಣ್ಣ ಅವಳ ಕಣ್ಣು ತಪ್ಪಿಸಿ ಆಕಳ ಬಾಯಿಗೆ ಇಡುತ್ತಿದ್ದ.

ಯಾಕೆಂದರೆ ಹಂಪಣ್ಣ ಮೆಟ್ರೊ ಹತ್ತಿಯೇ ಇರಲಿಲ್ಲ. ಹತ್ತಿದ್ದು ಟವೆಲ್.

ಇದು ತಿಳಿಯಬೇಕಾದರೆ ಸಿಂಧನೂರು ಬಸ್ ಸ್ಟ್ಯಾಂಡಿನ ಸಂವಿಧಾನ ಗೊತ್ತಿರಬೇಕು. ಅಲ್ಲಿ ಲಿಂಗಸುಗೂರಿನ ಬಸ್ಸು ಒಳಗೆ ತಿರುಗುವಾಗಲೇ ಜನ ಅದರ ಜೊತೆ ಓಡುತ್ತಾರೆ. ಕಿಟಕಿಯಿಂದ ಟವೆಲ್ಲೊಂದನ್ನು ಸೀಟಿನ ಮೇಲೆ ಎಸೆದರೆ ಮುಗಿಯಿತು. ಆ ಸೀಟು ಟವೆಲ್ಲಿನ ಮಾಲೀಕನದು. ಅವನು ಆಮೇಲೆ ನಿಧಾನಕ್ಕೆ ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಪರಿಚಯದವರ ಮನೆಯ ಮದುವೆ ಮಾತನ್ನೂ ಮುಗಿಸಿ ಬರಬಹುದು. ಬಸ್ಸಿನಲ್ಲಿ ನಿಂತೇ ಹೋಗುವವರು ಆ ಟವೆಲ್ಲನ್ನು ದೇವರ ಮೂರ್ತಿಯಂತೆ ನೋಡುತ್ತಾರೆ, ಮುಟ್ಟುವುದಿಲ್ಲ. ಈ ವಿದ್ಯೆಯಲ್ಲಿ ಹಂಪಣ್ಣನದು ಎತ್ತಿದ ಕೈ. ಮೂರು ಸಾಲಿನಾಚೆಯ ಸೀಟಿಗೆ, ಜನರ ತಲೆ ತಪ್ಪಿಸಿ, ಮಡಿಕೆ ಬಿಚ್ಚದಂತೆ ಎಸೆಯುತ್ತಿದ್ದ.

ಬೆಂಗಳೂರಿನಲ್ಲಿ ಅವನೂ ಲಿಂಗಸುಗೂರಿನ ಡೀಲರ್ ಅಂಬಪ್ಪನೂ ಕೂಡಿ ಮೆಟ್ರೊ ನೋಡಲು ಹೋದರು. ತಾನೇ ಓಡುವ ಮೆಟ್ಟಿಲನ್ನು ಬಿಟ್ಟು, ಓಡದ ಮೆಟ್ಟಿಲು ಹತ್ತಿ, ಮೇಲೆ ಹೋಗಿ ನಿಂತರು. ರೈಲು ಬಂತು. ಬಾಗಿಲು ತೆರೆಯಿತು. ಒಳಗೆ ಒಂದು ಸೀಟು ಖಾಲಿ ಕಂಡಿತು. ಹಂಪಣ್ಣನ ಬುದ್ಧಿ ಏನನ್ನೂ ಹೇಳುವ ಮೊದಲೇ ಕೈ ಹೆಗಲಿಗೆ ಹೋಯಿತು. ಜರಿ ಟವೆಲ್ ಕಂಪ್ಯೂಟರ್ ಹುಡುಗರ ತಲೆಯ ಮೇಲಿಂದ ತೇಲಿ ಹೋಗಿ ಸೀಟಿನ ನಟ್ಟನಡುವೆ ಕೂತಿತು. ಅದರ ಬೆನ್ನಿಗೇ ಅಂಬಪ್ಪ ನುಗ್ಗಿದ. ಹಂಪಣ್ಣ ನುಗ್ಗಲಿಲ್ಲ. ಯಾಕೆ ನುಗ್ಗಬೇಕು? ಸೀಟು ಹಿಡಿದಾಗಿತ್ತು. ಅವನು ಹಿಂದಕ್ಕೆ ತಿರುಗಿ, ಸಾವಕಾಶವಾಗಿ, ಪಂಚೆ ಬಿಚ್ಚಿ ಕಟ್ಟಿಕೊಳ್ಳತೊಡಗಿದ.

ಪಂಚೆಯ ಗಂಟು ಬೀಳುವಷ್ಟರಲ್ಲಿ ಬಾಗಿಲು ಬಿತ್ತು. ಗಾಜಿನಾಚೆ ಅಂಬಪ್ಪ ಕೈ ಬೀಸುತ್ತಾ, ಬಾಯಿ ತೆರೆಯುತ್ತಾ, ಟವೆಲ್ಲಿನ ಸಮೇತ ಹೊರಟೇಹೋದ. ಕಾವಲಿನವನು ಬಂದು ಹಂಪಣ್ಣನಿಗೆ ಹಿಂದಿಯಲ್ಲಿ ಏನೋ ಹೇಳಿದ. ಹಂಪಣ್ಣ ಅರ್ಥ ಕೇಳದೆ ಕೆಳಗಿಳಿದ.

ಕೆಳಗೆ ಕಂಬದ ಬುಡದಲ್ಲಿ ಗುಲ್ಷನ್‌ಬೀ ಎಂಬವಳು ಕಬ್ಬಿನ ಹಾಲಿನ ಗಾಡಿ ಇಟ್ಟಿದ್ದಳು. ಮಾನ್ವಿ ಕಡೆಯವಳು. ಮಾತು ಕೇಳಿದೊಡನೆ ಹಂಪಣ್ಣನಿಗೆ ಅಳುವೇ ಬಂತು. ಅಂಬಪ್ಪ ತಿರುಗಿ ಬರುವತನಕ ಅವಳ ಸ್ಟೂಲಿನ ಮೇಲೆ ಕೂತು, ಗ್ಲಾಸಿನ ಮೇಲೆ ಗ್ಲಾಸು ಕುಡಿಯುತ್ತಾ ಸ್ಟೇಷನ್ನಿನ ಚರಿತ್ರೆ ಕೇಳಿದ. ಅಲ್ಲಿ ಮೊದಲು ಮರಗಳ ಸಾಲು ಇತ್ತಂತೆ. ಅದರ ನೆರಳಲ್ಲಿ ಅವಳ ಗಂಡನ ಸೈಕಲ್ ರಿಪೇರಿ ಅಂಗಡಿ. ಒಂದು ದಿನ ಮರಗಳಿಗೆ ಕೆಂಪು ಬಣ್ಣದ ಗುರುತು ಬಿತ್ತು, ಆಮೇಲೆ ಕೊಡಲಿ ಬಿತ್ತು. ತಗಡಿನ ಗೋಡೆ ಎದ್ದಿತು. ತಗಡಿನ ಹಿಂದೆ ಏನು ನಡೆದಿದೆ ಎಂದು ತಿಳಿಯದೆ ಜನ ವರ್ಷಗಟ್ಟಲೆ ಧೂಳು ತಿಂದರು. ತಗಡು ತೆಗೆದಾಗ ತಲೆಯ ಮೇಲೊಂದು ಸ್ಟೇಷನ್ ಇತ್ತು, ಸೈಕಲ್ಲಿನವರು ಯಾರೂ ಉಳಿದಿರಲಿಲ್ಲ. ಸ್ಟೇಷನ್ನಿಗೆ ತಮ್ಮ ಹೆಸರೇ ಇಡಬೇಕೆಂದು ಎರಡು ಬಡಾವಣೆಯವರು ಧರಣಿ ಕೂತರು. ಕೊನೆಗೆ ಎರಡೂ ಹೆಸರು ಜೋಡಿಸಿ ಬರೆದರು. ಈಗ ಇಬ್ಬರೂ ಅದನ್ನು ಬರೀ ‘ಸ್ಟೇಷನ್’ ಅನ್ನುತ್ತಾರೆ. “ಮಳಿ ಬಂದ್ರ ಮ್ಯಾಲಿನ ನೀರೆಲ್ಲಾ ನನ್ನ ಗಾಡಿಗೇ ಅಣ್ಣಾ,” ಎಂದು ಗುಲ್ಷನ್‌ಬೀ ನಕ್ಕಿದ್ದಳು.

ಹಂಪಣ್ಣ ಹೇಳುವ ಮೆಟ್ರೊ ಕತೆಯಲ್ಲಿ ಸ್ಟೇಷನ್ನಿನ ಈ ಚರಿತ್ರೆಯೊಂದೇ ಖರೇ. ಸೋಜಿಗವೆಂದರೆ ಈ ಭಾಗ ಬಂದಾಗಲೇ ಹೋಟೆಲ್ಲಿನವರು ಆಕಳಿಸುತ್ತಿದ್ದರು. “ಮರದ್ದು ಬಿಡ್ರಿ ಸಾವ್ಕಾರ, ಸ್ಪೀಡ್ ಎಷ್ಟಿತ್ತು ಹೇಳ್ರಿ” ಎನ್ನುತ್ತಿದ್ದರು. ಸುಳ್ಳಿಗೆ ಗಿರಾಕಿ ಇರುವಾಗ ಯಾವ ವ್ಯಾಪಾರಿ ತಾನೇ ಬೇರೆ ಮಾಲು ಹರಡುತ್ತಾನೆ?

ಅಂಬಪ್ಪ ತಿರುಗಿ ಬಂದು ಟವೆಲ್ ಚಾಚಿದಾಗ ಹಂಪಣ್ಣ ಕೈ ಹಿಂದಕ್ಕೆ ಎಳೆದುಕೊಂಡ. ಅಷ್ಟರಲ್ಲಿ ಕಲ್ಯಾಣಮ್ಮನ ಫೋನು ಬಂದಿತ್ತು. ‘ಹತ್ತಿದಿರೇನು’ ಎಂದು ಕೇಳಿದ್ದಕ್ಕೆ ‘ಹತ್ತಿದೆ’ ಎಂದಿದ್ದ. ‘ಟವೆಲ್ ಜ್ವಾಕಿ’ ಎಂದಿದ್ದಕ್ಕೆ ಮುದುಕನನ್ನು ಹುಟ್ಟಿಸಿದ್ದ.

“ನೀನ ಇಟಗೋ ಮಾರಾಯ. ಇದು ಮನಿಗೆ ಬಂದ್ರ ನನ್ನ ಮಾನ ಹೋಗ್ತತಿ. ಮಸ್ಕ್ಯಾಗ ಯಾರಿಗೂ ಬಾಯಿ ಬಿಡಬ್ಯಾಡ, ನಿನ್ನ ಕಾಲಿಗೆ ಬೀಳ್ತೀನಿ.”

ಅಂಬಪ್ಪ ಬಾಯಿ ಬಿಡಲಿಲ್ಲ. ಬಿಟ್ಟವನು ಹಂಪಣ್ಣನೇ. ಈಚೆಗೆ ಕತೆ ಸಪ್ಪೆಯಾಯಿತೆಂದು ಒಂದು ಹೊಸ ಒಗ್ಗರಣೆ ಸೇರಿಸಿದ. “ಲಿಂಗಸುಗೂರ ಅಂಬಪ್ಪ ಇದ್ದಾನಲ್ಲ, ರೈಲು ಬಂದ ಸಪ್ಪಳಕ್ಕ ಕಂಬಾ ತಬ್ಬಿಕೊಂಡು ನಿಂತಿದ್ದ. ರಟ್ಟಿ ಹಿಡದು ಒಳಗ ಎಳಕೊಂಡಾಂವ ನಾನು!” ಹೋಟೆಲ್ ಬಿದ್ದು ಬಿದ್ದು ನಕ್ಕಿತು. ಆ ನಗು ಮರುದಿನದ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋಗಿ ಇಳಿಯಿತೆಂಬುದು ಹಂಪಣ್ಣನಿಗೆ ತಿಳಿಯಲಿಲ್ಲ.

ಅಂದು ಹೋಟೆಲ್ಲಿನ ಮೂಲೆಯಲ್ಲಿ ಕೂತು ಕೇಳುತ್ತಿದ್ದವನು ವೀರೇಂದ್ರ. ಸಿಂಧನೂರಿನಲ್ಲಿ ಬಿ.ಎ. ಓದಿ, ಮಸ್ಕಿಯಲ್ಲಿ ಮೈಕ್‌ಸೆಟ್ಟಿನ ಅಂಗಡಿ ಇಟ್ಟವನು. ಅವನ ಗಂಟಲಲ್ಲಿ ಅರ್ಧ ತಾಲ್ಲೂಕು ವಾಸವಾಗಿತ್ತು. ಬಸ್ ಕಂಡಕ್ಟರ್, ಭಾಷಣ ಮರೆತ ಮುಖಂಡ, ಈಯುತ್ತಿರುವ ಎಮ್ಮೆ, ಸತ್ತವರ ಮನೆಯಲ್ಲಿ ಅಳುತ್ತಲೇ ಅಡುಗೆಯ ಉಪ್ಪು ವಿಚಾರಿಸುವ ಬೀಗತಿ, ಯಾರನ್ನು ಕೇಳಿದರೂ ಹಾಜರು.

“ಕಾಕಾ,” ಎಂದ ವೀರೇಂದ್ರ, “ಹ್ವಾದ ವರ್ಷ ಗಣಪತಿಗೆ ಲಿಂಗಸುಗೂರನ್ಯಾವರು ಹಿಮಾಲಯ ಕಟ್ಟಿದ್ರು. ಸಿಂಧನೂರನ್ಯಾವರು ರಾಕೆಟ್ ಮಾಡಿ ಹೊಗಿ ಬಿಟ್ರು. ನಾವು ಹತ್ತಿ ಅಂಟಿಸಿ ಕೈಲಾಸ ಮಾಡಿದ್ವಿ, ಮಳಿಗೆ ತೊಯ್ದು ಕುರಿ ಹಿಂಡು ಕಂಡಂಗ ಕಾಣ್ತು. ಈ ವರ್ಷ ಮೆಟ್ರೊ ಸ್ಟೇಷನ್ ಕಟ್ಟೂಣು. ಅಧ್ಯಕ್ಷರು ನೀವ. ಉದ್ಘಾಟನಾಕ್ಕ ಸ್ಟೇಷನ್ ಚರಿತ್ರಾ ಹೇಳಿ, ಮೊದಲನೇ ಪ್ಯಾಸೆಂಜರ್ ಆಗಿ ಹತ್ತೋರೂ ನೀವ.”

ಹೋಟೆಲ್ ಚಪ್ಪಾಳೆ ಹೊಡೆಯಿತು. ಹಂಪಣ್ಣನಿಗೆ ಒಲ್ಲೆ ಎನ್ನಲು ದಾರಿಯಿರಲಿಲ್ಲ.

ಕಟ್ಟುವ ದಿನಗಳಲ್ಲಿ ವೀರೇಂದ್ರ ದಿನಾ ಅಂಗಡಿಗೆ ಬಂದು ತಲೆ ತಿನ್ನುತ್ತಿದ್ದ. “ಸೀಟು ಯಾವ ಬಣ್ಣದವ್ರೀ? ಬಾಗಿಲ ಎಷ್ಟೊತ್ತು ತೆರದಿರ್ತಾವ?”

ಮೊದಲ ಪ್ರಶ್ನೆಗೆ ಹಂಪಣ್ಣ ಅಳೆದು ಸುರಿದು ಉತ್ತರ ಹೇಳಿದ. ಎರಡನೆಯದಕ್ಕೆ ಮಾತು ತಾನೇ ಜಾರಿತು. “ಎಲ್ಲೀದು ತಮ್ಮಾ, ಪಂಚಿ ಕಟ್ಟೂವಷ್ಟೂ ಹೊತ್ತಿರಂಗಿಲ್ಲ!”

“ಪಂಚಿ ಯಾಕ ಕಟ್ತಾರ್ರೀ ಅಲ್ಲಿ?”

“ಸುಮ್ನ ಮಾತಿಗೆ ಅಂದ್ನಿ,” ಎಂದು ಹಂಪಣ್ಣ ಗೊಬ್ಬರದ ಚೀಲದ ಹಿಂದೆ ಸರಿದ. ಆಮೇಲೆ ಮೆಲ್ಲಗೆ ಕೇಳಿದ. “ಲಿಂಗಸುಗೂರನ್ಯಾವರನ್ನ ಕರದೀಯೇನು?”

“ಅವರ್ನ್ಯಾಕ ಕರೀಲ್ರೀ? ಬಂದು ನಮ್ಮ ಐಡಿಯಾ ಕದೀಲೇನು?”

ಹಂಪಣ್ಣನಿಗೆ ಉಸಿರು ಬಂತು. ಅಂಬಪ್ಪನೊಬ್ಬ ಬರದಿದ್ದರೆ ಸಾಕು. ಸುಳ್ಳು ಸಿಕ್ಕಿಬಿದ್ದು ಬಿರುದು ಹೋದರೆ ಹೋಗಲಿ, ಬರೀ ಹಂಪಣ್ಣನಾಗಿ ಬದುಕಬಹುದು. ಆದರೆ ಕಲ್ಯಾಣಮ್ಮ ಒಡೆಸಿದ ಅಷ್ಟು ತೆಂಗಿನಕಾಯಿಗಳಿಗೆ ಮುಖ ತೋರಿಸುವುದು ಹೇಗೆ?

ಚವತಿಯ ಸಂಜೆ ಬಜಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಬ, ಹಲಗೆ, ಪ್ಲೈವುಡ್ಡಿನ ಸ್ಟೇಷನ್ ಎದೆಯೆತ್ತರಕ್ಕೆ ಎದ್ದಿತ್ತು. ಗಣಪ ಟಿಕೆಟ್ ಕೌಂಟರಿನಲ್ಲಿ ಕೂತಿದ್ದ. ಇಲಿ ಬಾಗಿಲಲ್ಲಿ ಕಾವಲಿಗೆ ನಿಂತು, ಒಳಗೆ ಬರುವವರ ಮೈ ಮುಟ್ಟಿ ನೋಡುವಂತೆ ಕೈ ಚಾಚಿತ್ತು. ಗಿಡ್ಡಪ್ಪನ ಟ್ರ್ಯಾಕ್ಟರಿನ ಟ್ರಾಲಿಗೆ ಬಿಳಿ ಬಣ್ಣ ಬಳಿದು, ಕಿಟಕಿ ಕೊರೆದು, ಹಗ್ಗ ಎಳೆದರೆ ಸರಿಯುವ ಬಾಗಿಲು ಕೂಡಿಸಿ ಮೆಟ್ರೊ ಮಾಡಿದ್ದರು. ಟ್ರ್ಯಾಕ್ಟರನ್ನು ಪರದೆಯಿಂದ ಮುಚ್ಚಿದ್ದರೂ ಅದರ ‘ಡುಗು ಡುಗು’ ಮುಚ್ಚಲು ಬಂದಿರಲಿಲ್ಲ. ಮೆಟ್ರೊ ಬಜಾರಿನ ಗುಡಿಯ ಸುತ್ತ ಒಂದು ಸುತ್ತು ಹಾಕಿ ಮತ್ತೆ ಸ್ಟೇಷನ್ನಿಗೇ ಬರುವ ಏರ್ಪಾಡು.

ಕಲ್ಯಾಣಮ್ಮ ಗಂಡನ ಹೆಗಲಿಗೆ ಹೊಸ ಟವೆಲ್ ಹಾಕಿ, ಎಲ್ಲರಿಗೂ ಕೇಳುವಂತೆ ಹೇಳಿದಳು. “ಇದನ್ನಾದ್ರೂ ಯಾರಿಗೂ ಕೊಟ್ಟು ಬರಬ್ಯಾಡ್ರಿ.” ಹೆಂಗಸರೆಲ್ಲ ಹಂಪಣ್ಣನಿಗೆ ಕೈ ಮುಗಿದರು.

ಹಂಪಣ್ಣ ಮೈಕು ಹಿಡಿದು ಚರಿತ್ರೆ ಶುರು ಮಾಡಿದ. ಮರಗಳನ್ನು ಎರಡು ಮಾತಿನಲ್ಲಿ ಕಡಿದು, ನೇರ ಮೇಲಕ್ಕೆ ಹತ್ತಿದ. ನಿಜಾಮನ ಕಾಲದಲ್ಲಿ ಅಲ್ಲೊಂದು ಸುಂಕದ ನಾಕಾ ಇತ್ತೆಂದ.

“ಬೆಂಗಳೂರಾಗ ನಿಜಾಮ ಎಲ್ಲಿಂದ ಬಂದನ್ರೀ?” ಎಂದು ಗುಂಪಿನಿಂದ ಯಾರೋ ಕೂಗಿದರು.

“ಮೆಟ್ರೊ ನೋಡಾಕ ಬಂದಿದ್ದ, ಕುಂದ್ರಲೇ!” ಎಂದು ಹಂಪಣ್ಣ ಗದರಿದ. ಗುಂಪು ಹೋ ಎಂದಿತು. ಅವನಿಗೆ ಹುರುಪು ಏರಿತು.

ಆಗ ಮೈಕಿನಲ್ಲಿ ಒಂದು ಹೆಣ್ಣುದನಿ ಮೂಡಿತು. ಬೆಣ್ಣೆ ಸವರಿದ, ಯಾರ ಮೇಲೂ ಸಿಟ್ಟಿಲ್ಲದ, ಯಾರ ಪರಿಚಯವೂ ಇಲ್ಲದ ದನಿ. “ಪ್ರಯಾಣಿಕರೇ, ದಯವಿಟ್ಟು ಗಮನಿಸಿ. ಮೆಟ್ರೊ ಬರುತ್ತಿದೆ. ಹಳದಿ ಗೆರೆಯಿಂದ ಹಿಂದೆ ನಿಲ್ಲಿ.” ವೀರೇಂದ್ರ ಪರದೆಯ ಹಿಂದಿದ್ದಾನೆಂದು ಗೊತ್ತಿದ್ದೂ ಹಂಪಣ್ಣ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಅದೇ ದನಿ. ಎರಡು ವರ್ಷದ ಹಿಂದಿನದೇ.

ಟ್ರಾಲಿ ಬಂದು ನಿಂತಿತು. ಬಾಗಿಲು ಸರಿಯಿತು. ಒಳಗೆ ಗಣಪತಿ ಮಂಡಳಿಯ ಹುಡುಗರು ಒತ್ತೊತ್ತಾಗಿ ಕೂತಿದ್ದರು. ಬಾಗಿಲ ಹತ್ತಿರ ಒಂದೇ ಒಂದು ಸೀಟು ಖಾಲಿ. ಹಂಪಣ್ಣ ಗಂಭೀರವಾಗಿ ಬಲಗಾಲು ಎತ್ತಿದ. ಆ ಕ್ಷಣಕ್ಕೆ ಹೆಣ್ಣುದನಿ ಹಾರಿಹೋಗಿ, ಮೈಕು ಬಿರಿಯುವಂತೆ ಸಿಂಧನೂರು ಬಸ್ ಸ್ಟ್ಯಾಂಡೇ ಮಸ್ಕಿಗೆ ಬಂದು ಬಿತ್ತು.

“ಯಾರ್ರೀ ಲಿಂಗಸುಗೂರ! ಲಿಂಗಸುಗೂರ, ಲಿಂಗಸುಗೂರ! ಒಂದ ಸೀಟು ಐತಿ, ಒಂದ ಸೀಟು! ಓಡಿ ಬರ್ರೀ!” ಹಿಂದೆಯೇ ಕಂಡಕ್ಟರನ ಸೀಟಿ. ಬೆನ್ನ ಹಿಂದೆ ಜನ ನೂಕಿದರು.

ಹಂಪಣ್ಣನ ಕೈ ಹಂಪಣ್ಣನನ್ನು ಕೇಳಲಿಲ್ಲ. ಹೆಗಲಿಗೆ ಹೋಯಿತು, ಬೀಸಿತು. ಹೊಸ ಟವೆಲ್ ಹುಡುಗರ ಮೂಗಿನ ಮುಂದೆ ತೇಲಿ, ಸೀಟಿನ ನಟ್ಟನಡುವೆ ಮಡಿಕೆ ಕೆಡದೆ ಕೂತಿತು. ಎಂಥ ಎಸೆತವೆಂದರೆ ಸೇರಿದ್ದ ಜನ ‘ಆಹಾ’ ಎಂದರು. ಹಂಪಣ್ಣನ ಮುಖದಲ್ಲಿ ಸೀಟು ಹಿಡಿದವನ ಶಾಂತಿ ಹರಡಿತು. ಅವನು ಬಾಗಿಲಿಗೆ ಬೆನ್ನು ಮಾಡಿ, ಹೆಂಡತಿಗೆ ‘ಸೀಟಾತು’ ಎಂಬಂತೆ ತಲೆಯಾಡಿಸಿ, ಸಾವಕಾಶವಾಗಿ ಪಂಚೆಯ ಗಂಟಿಗೆ ಕೈ ಹಾಕಿದ.

ಬಾಗಿಲು ಬಿತ್ತು. ಡುಗು ಡುಗು ಡುಗು. ಮೆಟ್ರೊ ಹೋಯಿತು.

ಮತ್ತೆ ಬೆಣ್ಣೆಯ ದನಿ ಬಂತು. “ಪ್ರಯಾಣಿಕರ ಗಮನಕ್ಕೆ. ಟವೆಲ್ ಕ್ಷೇಮವಾಗಿ ಪ್ರಯಾಣ ಮಾಡುತ್ತಿದೆ. ಟವೆಲ್ಲಿನ ಮಾಲೀಕರು ಕೆಳಗಿಳಿದು, ಕಂಬದ ಹತ್ತಿರ ಕೂತು, ಕಬ್ಬಿನ ಹಾಲು ಕುಡಿಯುತ್ತಿರಬೇಕಾಗಿ ವಿನಂತಿ.”

ಜನಕ್ಕೆ ಅದು ಬರೀ ತಮಾಷೆ. ಅವರು ಸೊಂಟ ಹಿಡಿದು ನಕ್ಕರು. ಹಂಪಣ್ಣ ಮಾತ್ರ ಗುಂಪಿನಲ್ಲಿ ಒಂದೊಂದೇ ಮುಖ ಹುಡುಕತೊಡಗಿದ. ಕಬ್ಬಿನ ಹಾಲಿನ ಸಂಗತಿ ಗೊತ್ತಿದ್ದ ಜೀವ ಈ ಸೀಮೆಯಲ್ಲಿ ಒಂದೇ.

ಆ ಜೀವ ಗುಡಿ ಸುತ್ತಿ ಬಂತು. ಬಾಗಿಲು ಸರಿದಾಗ ಖಾಲಿಯಿದ್ದ ಸೀಟಿನಲ್ಲಿ, ಹೊಸ ಟವೆಲ್ಲಿನ ಮೇಲೆ, ಲಿಂಗಸುಗೂರಿನ ಅಂಬಪ್ಪ ಕೂತಿದ್ದ. ವೀರೇಂದ್ರನ ಏರ್ಪಾಡಿನಂತೆ ಗುಡಿಯ ಹಿಂದೆ ಹತ್ತಿದ್ದ. ಹೆಗಲ ಮೇಲೆ ಅಂಗೈಯಗಲದ ಜರಿಯಂಚಿನ ಹಳೆಯ ಟವೆಲ್.

“ಹತ್ತಲೇ ಹಂಪಾ,” ಎಂದ ಅಂಬಪ್ಪ. “ಎರಡು ವರ್ಷದಿಂದ ನಿನ್ನ ಸೀಟು ಕಾಯಾಕತ್ತೀನಿ. ರಟ್ಟಿ ಹಿಡದು ಎಳಕೊಳ್ಲೇನು? ಇಲ್ಲಾ ಕಂಬಾ ತಬ್ಬಿಕೊಂಡು ನಿಲ್ತೀಯೋ?”

ಕರಿಬಸಯ್ಯ ಎಲ್ಲರಿಗಿಂತ ಮೊದಲು ತಿಳಿದುಕೊಂಡ. “ಸಾವ್ಕಾರ, ಅಂದ್ರ ನೀವು ಮೆಟ್ರೊ...”

“ಟಾವೆಲ್ ಹತ್ತಿತ್ತು,” ಎಂದ ಅಂಬಪ್ಪ. “ಇವ ಪಂಚಿ ಕಟಗೊಳಾಕತ್ತಿದ್ದ.”

ಇನ್ನು ಯಾರನ್ನೂ ಹಿಡಿಯುವಂತಿರಲಿಲ್ಲ. ಗಿಡ್ಡಪ್ಪ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ನಕ್ಕ. ಪರದೆಯ ಹಿಂದೆ ವೀರೇಂದ್ರನ ಗಂಟಲಲ್ಲಿ ಹೆಣ್ಣುದನಿ, ಕಂಡಕ್ಟರು, ಎಮ್ಮೆ ಎಲ್ಲ ಒಟ್ಟಿಗೆ ನಗತೊಡಗಿದವು. ನಗದವರು ಇಬ್ಬರೇ. ಕಲ್ಯಾಣಮ್ಮ ಗುಂಪು ಸರಿಸಿಕೊಂಡು ಬಂದು, ಅಂಬಪ್ಪನ ಹೆಗಲ ಜರಿಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ತವರಿನ ಜರಿ ಗುರುತು ಸಿಗದೆ ಇರುತ್ತದೆಯೇ?

“ಏನ್ರೀ,” ಎಂದಳು. ನಗು ಒಮ್ಮೆಲೇ ತಗ್ಗಿತು. “ಟಾವೆಲ್ ಇವರ ಹತ್ರ ಐತಿ. ಹಂಗಾರ ಆ ಮುದುಕ?”

ಹಂಪಣ್ಣನ ಬಾಯಲ್ಲಿ ಎರಡು ಸುಳ್ಳು ತಯಾರಾಗಿ ನಿಂತಿದ್ದವು. ಅಂಬಪ್ಪನೇ ಆ ಮುದುಕ ಎನ್ನಬಹುದು. ಮುದುಕ ಸತ್ತ, ಟವೆಲ್ ಅಂಬಪ್ಪನ ಕೈ ಸೇರಿತು ಎನ್ನಬಹುದು. ಎರಡೂ ಒಳ್ಳೆಯ ಮಾಲು. ಹೋಟೆಲ್ಲಿನಲ್ಲಿ ಒಂದು ವರ್ಷ ಓಡುತ್ತಿದ್ದವು.

“ವಾರಾ ವಾರಾ ಗುಡ್ಡಾ ಹತ್ತಿ ಕಾಯಿ ಒಡಸೀನಿ,” ಎಂದಳು ಕಲ್ಯಾಣಮ್ಮ. “ಯಾರ ಆಯುಷ್ಯಕ್ಕ ಒಡಸಿದ್ನಿ ನಾನು? ಅವ ಎಲ್ಲಿ ಅದಾನ ಹೇಳ್ರಿ.”

ಹಂಪಣ್ಣ ತನ್ನ ಕೈಗಳನ್ನು ನೋಡಿಕೊಂಡ. ಅವು ಗಡಗಡ ನಡುಗುತ್ತಿದ್ದವು. ಬೆಂಗಳೂರಿನ ಕಂಬದ ಬುಡದಲ್ಲಿ ಗ್ಲಾಸು ಹಿಡಿದಾಗಲೂ ಹೀಗೇ ನಡುಗಿದ್ದವು.

“ನಿನ್ನ ಮುಂದ ನಿಂತಾನಲ್ಲ ಬೇ,” ಎಂದ ಹಂಪಣ್ಣ. “ಆ ನಡುಗೋ ಮುದುಕ ನಾನ.”

ಕಲ್ಯಾಣಮ್ಮ ಅವನನ್ನು ಕೆಳಗಿನಿಂದ ಮೇಲಿನತನಕ ನೋಡಿದಳು. ಅಂಬಪ್ಪನ ಹೆಗಲಿಂದ ಜರಿ ಟವೆಲ್ ಎಳೆದುಕೊಂಡು, ಬಿಚ್ಚಿ, ಜಾಡಿಸಿ, ಗಂಡನ ತಲೆಯ ಮೇಲಿಂದ ಮೊಣಕಾಲತನಕ ಹೊದಿಸಿ ಗಟ್ಟಿಯಾಗಿ ಸುತ್ತಿದಳು.

“ಅದಕ್ಕ ಮತ್ತ,” ಎಂದಳು, “ಕಾಯಿ ಒಡಸಿದ್ದಕ್ಕ ಕಲ್ಲಿನಂಗ ಅದೀರಿ ಇನ್ನಾ. ಇಲ್ಲಂದ್ರ ಇಷ್ಟು ಸುಳ್ಳು ಹೇಳಿದ ನಾಲಿಗಿ ಯಾವತ್ತೋ ಉದುರಿ ಬೀಳ್ತಿತ್ತು!”

ಟವೆಲ್ಲಿನ ಒಳಗಿನಿಂದ ಮೊದಲು ಒಂದು ಗೊರಕೆಯಂಥ ಸದ್ದು ಬಂತು. ಆಮೇಲೆ ಮೂಟೆ ಮೇಲೆ ಕೆಳಗೆ ಕುಣಿಯಿತು. ಅಳುತ್ತಿದ್ದಾನೆಂದು ಅಂಬಪ್ಪ ಗಾಬರಿಯಾಗಿ ಟ್ರಾಲಿಯಿಂದ ಹಾರಿ ಬಂದು ಟವೆಲ್ ಸರಿಸಿದ. ಹಂಪಣ್ಣ ಕಣ್ಣಲ್ಲಿ ನೀರು ಸುರಿಸುತ್ತಾ, ಉಸಿರು ಸಿಗದೆ, ಗಣಪನ ಇಲಿಯನ್ನು ಹಿಡಿದುಕೊಂಡು ನಗುತ್ತಿದ್ದ. ವೀರೇಂದ್ರನ ಮೈಕು ಆ ನಗುವನ್ನು ಹಿಡಿದು ಊರಿಗೆಲ್ಲ ಹಂಚಿತು. ಬಜಾರಿನ ಅಷ್ಟೂ ಜನರ ನಗು ಅದರಡಿಯಲ್ಲಿ ಸಣ್ಣದಾಗಿ ಕೇಳಿಸಿತು.